ಗಾಳಿ ಸೋರದ ರಾಕೆಟ್

ಹೊಸದಾಗಿ ಕೆಲಸಕ್ಕೆ ಸೇರಿದ ವಿಜ್ಞಾನ ಶಿಕ್ಷಕಿಯರು ಮನೆಗೆ ಬಂದಾಗ ಮೊದಲು ಕೇಳುವುದು ಆ್ಯಪ್‌ನ ಹೆಸರು. ‘ಮಕ್ಕಳಿಗೆ ಆನ್‌ಲೈನ್‌ನಲ್ಲಿ ರಾಕೆಟ್ಟು, ವಿಮಾನ ಎಲ್ಲ ಕಲಿಸಿದ್ರಂತಲ್ಲ ಮೇಡಂ, ಯಾವುದರಲ್ಲಿ ಮಾಡಿದ್ರಿ?’ ಹೆಸರು ಹೇಳುತ್ತೇನೆ, ಅವರು ಮೊಬೈಲಿನಲ್ಲಿ ಇಳಿಸಿಕೊಂಡು, ಚಹಾ ಕುಡಿದು ಹೋಗುತ್ತಾರೆ. ನಾನು ನಿಜವಾಗಿ ಹೇಳಬೇಕಾದದ್ದು ಚಹಾ ಆರುವಷ್ಟರಲ್ಲಿ ಮುಗಿಯುವಂಥದ್ದಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಮೊದಲ ಶಾಲೆ ಕಂಪ್ಲಿಯಲ್ಲಿ. ಬಳ್ಳಾರಿಯಲ್ಲಿ ಬಿ.ಎಸ್ಸಿ., ಬಿ.ಎಡ್. ಮುಗಿಸಿ, ತಲೆಯ ತುಂಬ ಸೂತ್ರಗಳನ್ನು ಹೊತ್ತುಕೊಂಡು ಹೋದವಳು ನಾನು. ಒಮ್ಮೆ ಚುನಾವಣೆಯ ಪ್ರಚಾರಕ್ಕೆಂದು ಊರಿಗೆ ಹೆಲಿಕಾಪ್ಟರ್ ಬಂತು. ಗಂಡುಹುಡುಗರು ಕಾಂಪೌಂಡ್ ಹಾರಿ ಓಡಿಯೇಬಿಟ್ಟರು. ಹೆಣ್ಣುಮಕ್ಕಳು ಕಿಟಕಿಯ ಸರಳಿಗೆ ಮುಖ ಒತ್ತಿ ನಿಂತರು. ಅಕ್ಕಿ ಗಿರಣಿಯವರ ಮಗಳೊಬ್ಬಳು ಕಿಟಕಿ ಬಿಟ್ಟು ನನ್ನ ಮೇಜಿಗೆ ಬಂದಳು.

“ಟೀಚರ್, ಫ್ಯಾನ್ ತಿರುಗಿದ್ರ ಅದು ಮ್ಯಾಲ ಹೋಗ್ತೈತಿ. ನಮ್ಮ ಗಿರಣ್ಯಾಗ ಅದಕ್ಕಿಂತ ಜೋರು ತಿರುಗೋ ಫ್ಯಾನ್ ಐತ್ರಿ. ಅದ್ಯಾಕ ಹಾರವಲ್ದು?”

ನಾನು ಉತ್ತರ ಹುಡುಕುತ್ತಿರುವಾಗಲೇ ಅವಳೇ, “ಹಾಂ, ಅದಕ್ಕ ಬೋಲ್ಟ್ ಹಾಕ್ಯಾರ ಬಿಡ್ರಿ” ಎಂದು ಮತ್ತೆ ಕಿಟಕಿಗೆ ಹೋದಳು. ಹೀಗೆ ಯೋಚಿಸುವವರಿಗೆಂದೇ ಒಂದು ಕೆಲಸವಿದೆ, ಅದಕ್ಕೆ ಸಂಬಳ ಕೊಡುತ್ತಾರೆ, ಅದನ್ನು ಹೆಂಗಸರೂ ಮಾಡುತ್ತಾರೆ ಎಂದು ಅವಳಿಗೆ ಹೇಳಬಹುದಿತ್ತು. ಆದರೆ ಅಂಥ ಒಬ್ಬ ಹೆಂಗಸನ್ನೂ ಆಗ ನಾನು ಕಂಡಿರಲಿಲ್ಲ. ಡಾಕ್ಟರು, ನರ್ಸು, ಟೀಚರು: ನನಗೆ ಗೊತ್ತಿದ್ದ ವಿಜ್ಞಾನದ ಹೆಂಗಸರು ಅಷ್ಟೇ.

ವರ್ಗಾವಣೆಗಳ ಕಥೆ ಬೇಡ. ಕೊನೆಗೆ ಸಂಡೂರು ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಗೆ ಬಂದೆ. ಮನೆ ಮಾತ್ರ ಹೊಸಪೇಟೆಯ ಪಕ್ಕದ ಟಿ.ಬಿ. ಡ್ಯಾಂನಲ್ಲಿ, ಯಜಮಾನರ ಕಾಲುವೆ ಆಫೀಸಿನ ಕ್ವಾರ್ಟರ್ಸು. ಶಾಲೆಗಳು ಮುಚ್ಚಿದ್ದ ಆ ಕಾಲದಲ್ಲಿ ಎಲ್ಲರಂತೆ ನಾನೂ ಮೊಬೈಲಿನಲ್ಲಿ ಪಾಠ ಮಾಡಲು ಕಲಿತೆ. ಮೊದಲ ದಿನ ಮೊಬೈಲನ್ನು ಡಬ್ಬಿಯೊಂದಕ್ಕೆ ಒರಗಿಸಿಟ್ಟೆ. ಅದು ಹಿಂದಕ್ಕೆ ವಾಲಿದ್ದು ತಿಳಿಯಲಿಲ್ಲ. ಗುರುತ್ವಾಕರ್ಷಣೆಯ ಇಡೀ ಪಾಠವನ್ನು ಮಕ್ಕಳು ನಮ್ಮ ಮನೆಯ ಸೀಲಿಂಗ್ ಫ್ಯಾನ್ ನೋಡುತ್ತ ಕೇಳಿದರು. ಕೊನೆಯಲ್ಲಿ ‘ಏನಾದರೂ ಡೌಟ್ ಇದೆಯಾ?’ ಎಂದರೆ ಒಬ್ಬ, “ಇಲ್ರಿ ಟೀಚರ್, ಫ್ಯಾನಿನ ಒಂದು ರೆಕ್ಕಿ ಸೊಟ್ಟ ಐತ್ರಿ, ಅಷ್ಟ” ಎಂದ.

ಶಾಲೆಗಳು ತೆರೆದ ಮೇಲೂ ಅದನ್ನು ಪೂರ್ತಿ ಬಿಡಲಿಲ್ಲ. ಬಸ್ಸಿನಲ್ಲಿ ಒಂದು ಕಡೆ ಸೇರಿಸಲಾಗದ ಮಕ್ಕಳನ್ನು ಪರದೆಯ ಮೇಲೆ ಸೇರಿಸಬಹುದಲ್ಲ! ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿ ಕಡೆಯ ಕೆಲವು ಶಾಲೆಗಳ ಹೆಣ್ಣುಮಕ್ಕಳನ್ನು ಕೂಡಿಸಿ ರಜೆಯ ದಿನಗಳಲ್ಲಿ ‘ಆಕಾಶದ ಕೆಲಸಗಳು’ ಎಂಬ ಕೂಟ ಶುರು ಮಾಡಿದೆ. ಎಲ್ಲರೂ ಒಂದೇ ಅಳತೆಯ ಕಾಗದದ ವಿಮಾನ ಮಾಡಬೇಕು, ಒಂದೇ ಹೊತ್ತಿಗೆ ಹಾರಿಸಬೇಕು, ಏನಾಯಿತೆಂದು ಹೇಳಬೇಕು. ಕಂಪ್ಲಿಯವಳದು ಗದ್ದೆಯ ಕೆಸರಿಗೆ ಬಿತ್ತು. ಹಂಪಿಯವಳದನ್ನು ಬಂಡೆಯ ಮೇಲಿದ್ದ ಕೋತಿ ಹಿಡಿದು, ಮೂಸಿ, ಹರಿದುಹಾಕಿತು. “ಟೀಚರ್, ಇದು ಗಾಳಿ ಲೆಕ್ಕಕ್ಕ ಬರತೈತೋ, ಕೋತಿ ಲೆಕ್ಕಕ್ಕೋ?” ಎಂದು ಕೇಳಿದಳು. ಒಂದೇ ವಿಮಾನಕ್ಕೆ ಊರಿಗೊಂದು ಗತಿಯಾದದ್ದು ಯಾಕೆಂದು ಆ ದಿನ ನಡೆದ ಚರ್ಚೆ ನನ್ನ ಇಡೀ ಸರ್ವಿಸಿನ ಅತ್ಯುತ್ತಮ ಪಾಠ. ಅದರಲ್ಲಿ ನಾನು ಮಾತಾಡಿದ್ದು ಕಡಿಮೆ.

ಶಾರದಾ ಎಂಬ ಇಂಜಿನಿಯರ್ ಪರಿಚಯವಾದದ್ದು ಆಗ. ರಾಕೆಟ್ಟಿನ ಇಂಧನದ ಟ್ಯಾಂಕುಗಳನ್ನು ಪರೀಕ್ಷಿಸುವ ಕೆಲಸ ಅವರದು. ರಜೆಯಲ್ಲಿ ಬಿಡುವಾದಾಗ ಪರದೆಯ ಮೇಲೆ ಬರುತ್ತಿದ್ದರು. ಮಕ್ಕಳು ‘ಏನು ಓದಬೇಕು’ ಎಂದು ಕೇಳುತ್ತಾರೆಂದು ನಾನು ಎಣಿಸಿದ್ದೆ. ಅವರು ಕೇಳಿದ್ದೇ ಬೇರೆ. ನಿಮಗ ಬುತ್ತಿ ಯಾರು ಕಟ್ತಾರ? ಗಂಡಸರಿಗೆ ನೀವು ಬೈಬಹುದಾ? ಒಬ್ಬಳು ಬಾಯಿ ಬಿಟ್ಟು ಕೇಳಲಾರದೆ ಬರೆದು ಕಳಿಸಿದಳು: ‘ತಿಂಗಳ ಆ ದಿನಗಳಾಗ ಉಪ್ಪಿನಕಾಯಿ ಮುಟ್ಟಬಾರದು ಅಂತಾರ. ರಾಕೆಟ್ ಮುಟ್ಟಬಹುದಾ?’

ನಾನು ಅದನ್ನು ಓದಲು ಹಿಂಜರಿದೆ. ಶಾರದಾ ತಾವೇ ಗಟ್ಟಿಯಾಗಿ ಓದಿದರು. “ಕೈಗೆ ಗ್ಲೌಸ್ ಹಾಕಿಕೊಂಡೇ ಮುಟ್ಟಬೇಕು, ಎಲ್ಲರೂ, ಎಲ್ಲ ದಿನವೂ. ಅದು ಬಿಟ್ಟು ಬೇರೆ ನಿಯಮ ಇಲ್ಲಮ್ಮ. ಉಪ್ಪಿನಕಾಯಿಯನ್ನೂ ನಾನು ಮುಟ್ಟುತ್ತೇನೆ. ಕೆಟ್ಟಿಲ್ಲ.” ಪರದೆಯ ಎಲ್ಲ ಚೌಕಗಳೂ ಒಟ್ಟಿಗೆ ನಕ್ಕವು.

ಹುಲಿಗೆಮ್ಮ ನಮ್ಮ ಶಾಲೆಯ ಹುಡುಗಿ, ಒಂಬತ್ತನೆಯ ತರಗತಿ. ಅವಳಪ್ಪ ಕೊಟ್ರೇಶಿ ವಡ್ಡು ಎಂಬ ಊರಿನವನು. ತೋರಣಗಲ್ಲಿನ ರಸ್ತೆಯಲ್ಲಿ ಪಂಕ್ಚರ್ ಅಂಗಡಿ ಇಟ್ಟಿದ್ದ. ಉಕ್ಕಿನ ಕಾರ್ಖಾನೆಗೆ ಹೋಗುವ ಅದಿರಿನ ಲಾರಿಗಳೇ ಅವನ ಗಿರಾಕಿಗಳು. ತಗಡಿನ ಚಪ್ಪರ, ಹೊರಗೆ ತೂಗುಬಿಟ್ಟ ಹಳೆಯ ಟೈರು, ಕೆಂಪು ದೂಳು. ಕೈಬಿಡುವಾದಾಗ ಹುಲಿಗೆಮ್ಮನೂ ಅಪ್ಪನ ಜೊತೆ ಟ್ಯೂಬನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿ ಗುಳ್ಳೆ ಎಲ್ಲೇಳುತ್ತದೆಂದು ನೋಡುತ್ತಿದ್ದಳು. ಕಾರ್ಖಾನೆಯ ವಿಮಾನ ನಿಲ್ದಾಣಕ್ಕೆ ಅಂಗಡಿಯ ಮೇಲೆಯೇ ಸಣ್ಣ ವಿಮಾನಗಳು ಇಳಿಯಲು ಬರುತ್ತಿದ್ದವು. “ಅದರ ಗಾಲಿಗೂ ಪಂಕ್ಚರ್ ಆಗ್ತೈತೇನ್ರಿ? ಆದ್ರ ಯಾರು ಹಚ್ತಾರ?” ಎಂದು ಅವಳು ಕೇಳಿದಾಗ, ಶಾರದಾ ಬಹಳ ಹೊತ್ತು ವಿವರಿಸಿದರು, ಅಷ್ಟು ಖುಷಿಯಾಗಿದ್ದರು.

ಈಗ ಆ ಭಾನುವಾರ.

ಅಂದಿನ ಚಟುವಟಿಕೆ ನೀರಿನ ರಾಕೆಟ್. ತಂಪು ಪಾನೀಯದ ಖಾಲಿ ಬಾಟಲಿಗೆ ಸ್ವಲ್ಪ ನೀರು ಹಾಕಿ, ಬಾಯಿಗೆ ರಬ್ಬರ್ ಬಿರಡೆ ಒತ್ತಿ, ತಲೆಕೆಳಗಾಗಿ ನಿಲ್ಲಿಸಿ, ಬಿರಡೆಯ ತೂತಿನಿಂದ ಸೈಕಲ್ ಪಂಪಿನಲ್ಲಿ ಗಾಳಿ ತುಂಬುವುದು. ಗಾಳಿ ಹೆಚ್ಚಾದಂತೆ ಬಿರಡೆ ತಾನೇ ಕಿತ್ತುಕೊಳ್ಳುತ್ತದೆ. ನೀರು ಕೆಳಗೆ ಚಿಮ್ಮಿ, ಬಾಟಲಿ ಮೇಲೆ ಹಾರುತ್ತದೆ. ಬಿರಡೆ ಬೇಗ ಕಿತ್ತುಬರುವುದರಿಂದಲೇ ಅದು ಮಕ್ಕಳ ಆಟ. ಹೇಗೆ ಮಾಡಬೇಕೆಂಬ ವಿಡಿಯೊವನ್ನು ಮೊದಲೇ ಕಳಿಸಿದ್ದೆ. ಮನೆಯಲ್ಲಿ ದೊಡ್ಡವರೊಬ್ಬರು ಜೊತೆಗಿರಬೇಕೆಂದೂ ಹೇಳಿದ್ದೆ.

ಪಂಕ್ಚರ್ ಅಂಗಡಿಯ ಮಗಳಿಗೆ ಹುಟ್ಟಿದಂದಿನಿಂದ ಕಿವಿಗೆ ಬಿದ್ದಿರುವುದು ಒಂದೇ ಮಾತು: ಗಾಳಿ ಸೋರಬಾರದು. ಬಿರಡೆಯ ಸುತ್ತ ಗುಳ್ಳೆ ಬಂದದ್ದನ್ನು ಕಂಡು ಅವಳಿಗೂ ಅಪ್ಪನಿಗೂ ಅವಮಾನವಾದಂತಾಯಿತು. ಇಬ್ಬರೂ ಸೇರಿ ಹಳೆಯ ಟ್ಯೂಬನ್ನು ಪಟ್ಟಿ ಪಟ್ಟಿಯಾಗಿ ಕತ್ತರಿಸಿ, ಎಳೆದೆಳೆದು, ಬಿರಡೆಯನ್ನೂ ಬಾಟಲಿಯ ಕತ್ತನ್ನೂ ಒಟ್ಟಿಗೆ ಬಿಗಿದುಬಿಟ್ಟರು. ನಮ್ಮ ಕಡೆ ಒಡೆದ ಪೈಪಿನಿಂದ ಹಿಡಿದು ಮುರಿದ ನೇಗಿಲಿನವರೆಗೆ ಎಲ್ಲವನ್ನೂ ಹಾಗೆಯೇ ಕಟ್ಟುತ್ತಾರೆ. ಆ ಕಟ್ಟು ಬಿಚ್ಚುವುದಿಲ್ಲ. ಇನ್ನು ಸೈಕಲ್ ಪಂಪು ಅಲ್ಲಿ ಯಾರಿಗೆ ಬೇಕು? ಲಾರಿ ಟೈರಿಗೆ ಗಾಳಿ ತುಂಬುವ ಕಂಪ್ರೆಸರ್ ಪಕ್ಕದಲ್ಲೇ ಇತ್ತು.

ಇದೆಲ್ಲ ನನಗೆ ಗೊತ್ತಾದದ್ದು ನಂತರ. ಆಗ ಕಂಡದ್ದು ಇಷ್ಟು. ಲ್ಯಾಪ್‌ಟಾಪಿನ ಪರದೆಯಲ್ಲಿ ಬೇರೆ ಮಕ್ಕಳ ಬಾಟಲಿಗಳು ಪುಸ್ ಎಂದು ಹಾರಿ ಬೀಳುತ್ತಿದ್ದವು. ಹುಲಿಗೆಮ್ಮನ ಚೌಕದಲ್ಲಿ ಬಾಟಲಿ ಹಾರದೆ ನಿಂತಿತ್ತು. ಮೊಬೈಲನ್ನು ಟೈರಿಗೆ ಒರಗಿಸಿಟ್ಟಿದ್ದಳು. ಕಂಪ್ರೆಸರಿನ ಬಡಬಡ ಸದ್ದು ಬೇರೆ. ಅಪ್ಪ ಕಾಣಲಿಲ್ಲ, ಯಾವುದೋ ಲಾರಿ ಬಂತೆಂದು ಎದ್ದುಹೋಗಿದ್ದ. ಬಾಟಲಿಯ ಕೆಳಗೆ ಕಪ್ಪು ಪಟ್ಟಿಯ ಸುತ್ತು ಕಂಡೆ. ಅದಕ್ಕೆ ಸಿಕ್ಕಿಸಿದ ದಪ್ಪ ಹೋಸ್ ಕಂಡೆ. ಬಾಟಲಿಯ ಮೈ ಬಿಳಿಚಿಕೊಂಡು ಉಬ್ಬುತ್ತಿರುವುದು ಆ ಸಣ್ಣ ಚೌಕದಲ್ಲೂ ಕಂಡಿತು.

“ಹುಲಿಗೆಮ್ಮ, ದೂರ ಸರಿ! ಗಾಳಿ ಬಂದ್ ಮಾಡು!”

ಕೇಳಿಸಲಿಲ್ಲ. ಅವಳು ಮೊಣಕಾಲೂರಿ ಕುಳಿತು, ಯಾಕೆ ಹಾರುತ್ತಿಲ್ಲವೆಂದು ನೋಡಲು ಬಗ್ಗಿದಳು. ಬಾಟಲಿಯ ಮೇಲೆ ಅವಳ ಮುಖ. ಬೇರೆ ಮಕ್ಕಳೂ ಕೂಗತೊಡಗಿದರು. “ಲೇ ಹುಲಿಗಿ, ಹಿಂದಕ್ಕ ಸರೀಲೇ!” ಹಂಪಿಯಿಂದ ಒಂದು ದನಿ, ಕಂಪ್ಲಿಯಿಂದ ಒಂದು ದನಿ. ಅಷ್ಟು ಊರುಗಳಿಂದ ಅಷ್ಟು ಜನ ಕೂಗಿದರೂ ಅವಳ ಕಿವಿಗೆ ಬಿದ್ದದ್ದು ಕಂಪ್ರೆಸರ್ ಮಾತ್ರ.

ನನ್ನ ಬಲಗೈಯಲ್ಲಿ ಮೊಬೈಲ್ ಇತ್ತು. ಕೊಟ್ರೇಶಿಯ ನಂಬರಿಗೆ ಕರೆ ಮಾಡಿದೆ. ಅದೇ ಮೊಬೈಲಿನಲ್ಲಿ ಅವಳು ತರಗತಿಗೆ ಕುಳಿತದ್ದು. ಕರೆ ಹೋದೊಡನೆ ಪರದೆಯ ಚಿತ್ರ ಹಾಗೆಯೇ ನಿಂತುಬಿಟ್ಟಿತು, ಬಾಟಲಿ ಮತ್ತು ಅದರ ಮೇಲೆ ಬಾಗಿದ ಮುಖ. ಆಮೇಲೆ ಏನಾಗುತ್ತಿದೆ ಎಂದು ಕಾಣುವ ದಾರಿಯನ್ನು ನಾನೇ ಮುಚ್ಚಿದಂತಾಗಿತ್ತು. ಕಿವಿಯಲ್ಲಿ ರಿಂಗ್ ಆಗುತ್ತಲೇ ಇತ್ತು. ನಿಂತ ಚಿತ್ರವನ್ನು ನೋಡುತ್ತಲೇ ಇದ್ದೆ. ಇವತ್ತಿಗೂ ಕಣ್ಣು ಮುಚ್ಚಿದರೆ ಬರುವುದು ಆ ಚಿತ್ರವೇ. ಅದು ಅಲುಗುವುದೇ ಇಲ್ಲ.

ಪಂಕ್ಚರ್ ಅಂಗಡಿಯಲ್ಲಿ ಬಂದ ಕರೆಯನ್ನು ಬಿಡುವ ಹಾಗಿಲ್ಲ. ದಾರಿಯಲ್ಲಿ ನಿಂತುಹೋದ ಯಾವುದೋ ಲಾರಿಯವನದಾಗಿರುತ್ತದೆ. ಬಿಟ್ಟರೆ ಮುಂದಿನ ಅಂಗಡಿಗೆ ಹೋಗುತ್ತದೆ. ಕಂಪ್ರೆಸರಿನ ಸದ್ದಿನಲ್ಲಿ ರಿಂಗ್ ಕೇಳುವುದಿಲ್ಲವೆಂದು, ಪರದೆಯಲ್ಲಿ ಕರೆ ಮೂಡಿದರೆ ಸಾಕು ಎದ್ದು ಓಡುವುದು ಆ ಮನೆಯವರ ರೂಢಿ. ಅವಳೂ ಎದ್ದು ಬಂದಳು.

“ಹಲೋ, ಎಲ್ಲಿ ನಿಂತೈತ್ರಿ ಗಾಡಿ?”

ನಾನು ‘ಹುಲಿಗೆಮ್ಮ’ ಎನ್ನುವಷ್ಟರಲ್ಲಿ ಆ ಸದ್ದು ಕೇಳಿಸಿತು. ಮೊಬೈಲಿನಲ್ಲಿ ಅದು ಸ್ಫೋಟದಂತೆ ಇರಲಿಲ್ಲ. ಯಾರೋ ದೊಡ್ಡ ಬಾಗಿಲನ್ನು ಬಡಿದು ಮುಚ್ಚಿದಂತೆ. ಆಮೇಲೆ ಏನೂ ಇಲ್ಲ. ಎಷ್ಟು ಹೊತ್ತೋ. ನಂತರ ಸಣ್ಣ ದನಿ.

“ಟೀಚರ್... ನೀವೇನ್ರಿ? ನನಗ ಕಿವಿ ಕೇಳವಲ್ದ್ರಿ.”

ತೋರಣಗಲ್ಲಿನ ಬಸ್ಸು ಅಷ್ಟು ನಿಧಾನ ಹೋದದ್ದನ್ನು ನಾನು ಕಂಡಿಲ್ಲ. ಆಸ್ಪತ್ರೆಯಲ್ಲಿ ಅವಳು ಮಂಚದ ಮೇಲೆ ಕಾಲು ಇಳಿಬಿಟ್ಟು ಕುಳಿತಿದ್ದಳು. ಬಾಟಲಿಯ ಚೂರೊಂದು ಹಿಂದಿನಿಂದ ಬಂದು ಕಿವಿಯ ಮೇಲೆ ಸೀಳಿತ್ತು, ಹೊಲಿಗೆ ಹಾಕಿದ್ದರು. ಕಣ್ಣು ಎರಡೂ ಇದ್ದವು. ನಾನು ಅವನ್ನು ಒಂದಾದ ಮೇಲೊಂದು ನೋಡಿದೆ, ಮತ್ತೆ ನೋಡಿದೆ. “ಏನ್ ನೋಡ್ತೀರಿ ಟೀಚರ್?” ಎಂದು ಜೋರಾಗಿ ಕೇಳಿದಳು, ಕಿವಿ ಇನ್ನೂ ಗುಂಯ್ ಎನ್ನುತ್ತಿತ್ತು, ದನಿಯ ಅಳತೆ ತಿಳಿಯುತ್ತಿರಲಿಲ್ಲ.

ಕೊಟ್ರೇಶಿ ಗೋಡೆಗೆ ಒರಗಿ ಕುಳಿತಿದ್ದ. “ಗಾಳಿ ಹಚ್ಚಿದಾಂವ ನಾನ ರೀ ಟೀಚರ್. ಟೈರ್ ಒಡದು ಜನ ಸತ್ತದ್ದು ಕಂಡೀನಿ. ಬಾಟ್ಲಿ ಒಡೀತೈತಿ ಅಂತ ತಲಿಗೇ ಬರ್ಲಿಲ್ರಿ. ಬಾಟ್ಲಿ ಅಂದ್ರ ಆಟದ ಸಾಮಾನಲ್ಲೇನ್ರಿ?”

ಅವನ ಹೆಂಡತಿ ಈರಮ್ಮ ಮಾತಾಡಿದ್ದು ಒಂದೇ ಸಲ. “ನನಗ ಮಗಳ ಕಣ್ಣು ಬೇಕ್ರಿ. ರಾಕೆಟ್ ಬ್ಯಾಡ.”

ನಿಜ ಹೇಳಬೇಕೆಂದರೆ ನನಗೂ ಬೇಡವಾಗಿತ್ತು. ಹೆಡ್‌ಮಾಸ್ಟರ್ ಗೌಡರು ಒಳ್ಳೆಯವರು, ಬೈಯಲಿಲ್ಲ. “ಟೀಚರಮ್ಮಾರೇ, ನಿಮ್ಮ ಸರ್ವಿಸ್ ಇನ್ನೇನು ಮುಗೀತು. ಯಾಕ್ ಬೇಕ್ರಿ? ಸುಮ್ನ ಪಾಠ ಮಾಡ್ರಿ, ಹಾರ ಹಾಕಿಸಿಕೊಂಡು ಮನೀಗೆ ಹೋಗ್ರಿ” ಎಂದರು. ಸರಿ ಎಂದೆ. ಕೂಟ ನಿಂತಿತು.

ಹುಲಿಗೆಮ್ಮ ಶಾಲೆಗೆ ಬಂದಳು. ವಿಜ್ಞಾನದ ತರಗತಿಯಲ್ಲಿ ಕೈ ಎತ್ತುವುದನ್ನು ಬಿಟ್ಟಳು. ಅಂಗಡಿಗೆ ಕಾಲಿಡಬಾರದೆಂದು ಅಮ್ಮ ಕಟ್ಟಳೆ ಮಾಡಿದ್ದಳು, ಮೊಬೈಲನ್ನೂ ಕೊಡುತ್ತಿರಲಿಲ್ಲ. ಮುಂದಿನ ವರ್ಷ ಹತ್ತು, ಆಮೇಲೆ ಸೈನ್ಸ್ ಬೇಡ, ಟೇಲರಿಂಗ್ ಕಲಿಯಲಿ ಎಂಬ ಮಾತು ಮನೆಯಲ್ಲಿ ಎದ್ದಿದೆಯೆಂದು ಅವಳೇ ಒಂದು ದಿನ ಹೇಳಿದಳು, ಬೇರೆ ಯಾರದೋ ಸುದ್ದಿ ಹೇಳುವಂತೆ. ಗಾಯಕ್ಕಿಂತ ಅದು ನನಗೆ ಹೆಚ್ಚು ನೋವು ಕೊಟ್ಟಿತು.

ಶಾರದಾ ಫೋನ್ ಮಾಡಿದಾಗ ಎಲ್ಲ ಹೇಳಿದೆ. ಸಮಾಧಾನದ ಮಾತು ಬರುತ್ತದೆ ಎಂದುಕೊಂಡೆ. ಅವರು ಕೇಳಿದರು: “ಎಷ್ಟು ಒತ್ತಡಕ್ಕೆ ಒಡೆಯಿತು?”

“ನನಗೇನು ಗೊತ್ತು?” ಎಂದೆ. ಸಿಟ್ಟು ಬಂದಿತ್ತು.

“ಆ ಹುಡುಗಿ ಹತ್ತಿರ ಒಮ್ಮೆ ಮಾತಾಡಬೇಕು. ಅವಳ ತಾಯಿಯೂ ಇರಲಿ.”

ನಾನು ಲ್ಯಾಪ್‌ಟಾಪ್ ಹೊತ್ತುಕೊಂಡು ಅವರ ಮನೆಗೇ ಹೋದೆ. ಈರಮ್ಮ ‘ಕುಂದ್ರಿ’ ಎಂದು ಚಾಪೆ ಹಾಸಿ, ತಾನು ಒಲೆಯ ಹತ್ತಿರ ಬೆನ್ನು ತಿರುಗಿಸಿ ಕುಳಿತಳು. ಶಾರದಾ ಪರದೆಯಲ್ಲಿ ಬಂದು ನೇರವಾಗಿ ಹೇಳಿದರು: “ಹುಲಿಗೆಮ್ಮ, ನನ್ನ ಕೆಲಸ ಏನು ಗೊತ್ತಾ? ಟ್ಯಾಂಕ್ ಒಡೆಯುವುದು. ಹೊಸ ಟ್ಯಾಂಕ್ ಮಾಡಿದಾಗ ಒಂದನ್ನು ಬೇಕೆಂದೇ ಒಡೆಯುವ ತನಕ ತುಂಬುತ್ತೇವೆ. ಎಷ್ಟಕ್ಕೆ ಒಡೆಯುತ್ತದೆ ಅಂತ ತಿಳಿದರೆ ತಾನೇ ಎಲ್ಲಿ ನಿಲ್ಲಿಸಬೇಕು ಅಂತ ತಿಳಿಯುವುದು. ನೀನೂ ಅದನ್ನೇ ಮಾಡಿದೆ. ಎರಡು ಕೆಲಸ ಬಿಟ್ಟೆ. ಮೀಟರ್ ನೋಡಲಿಲ್ಲ. ಗೋಡೆಯ ಹಿಂದೆ ನಿಲ್ಲಲಿಲ್ಲ.”

ಹುಲಿಗೆಮ್ಮ ಪರದೆಯ ಹತ್ತಿರಕ್ಕೆ ಸರಿದಳು. “ಮತ್ತ, ಸೋರದಂಗ ಕಟ್ಟಿದ್ದೂ ತಪ್ಪಲ್ಲೇನ್ರಿ?”

“ಟ್ಯಾಂಕಿಗೆ ಅದು ಸರಿ. ನಮ್ಮಲ್ಲಿ ಒಂದು ಗುಳ್ಳೆ ಬಂದರೂ ಕೆಲಸ ನಿಲ್ಲಿಸುತ್ತೇವೆ. ನಿನ್ನ ಬಾಟಲಿಯ ಗಾಳಿಗೆ ಮಾತ್ರ ಹೊರಗೆ ಹೋಗಲು ದಾರಿ ಬೇಕಿತ್ತು.”

ಒಲೆಯ ಕಡೆಯಿಂದ, ಬೆನ್ನು ತಿರುಗಿಸಿಕೊಂಡೇ, ಈರಮ್ಮನ ದನಿ ಬಂತು. “ಆ ಗ್ವಾಡಿ ಎಷ್ಟು ದಪ್ಪ ಐತಿ, ಕೇಳು.”

ಶಾರದಾ ಎರಡೂ ಕೈಗಳನ್ನು ಅಗಲಿಸಿ ತೋರಿಸಿದರು. ಕೈಗಳು ಪರದೆಯಿಂದಾಚೆ ಹೋದವು. ಈರಮ್ಮ ಆಗ ತಿರುಗಿ ನೋಡಿದಳು.

“ಅಷ್ಟು ದಪ್ಪ?”

“ಅಷ್ಟು ದಪ್ಪ, ಅಮ್ಮ. ಒಳಗೆ ಕಬ್ಬಿಣ. ಗಾಳಿ ತುಂಬುವಾಗ ಹತ್ತಿರ ಯಾರನ್ನೂ ಬಿಡುವುದಿಲ್ಲ, ನನ್ನ ಸಾಹೇಬರನ್ನೂ.”

“ಸಾಹೇಬ್ರು ಬೈಯಂಗಿಲ್ಲೇನು?”

“ಬೈದರೆ ನಾನೂ ಬೈತೀನಿ.”

ಈರಮ್ಮ ನಗಲಿಲ್ಲ. ಮುಸುರೆ ಕೈ ಒರೆಸಿಕೊಂಡು ಬಂದು ಚಾಪೆಯ ಅಂಚಿನಲ್ಲಿ ಕುಳಿತಳು. ಶಾಲೆಯಲ್ಲಿ ಮತ್ತೊಮ್ಮೆ ರಾಕೆಟ್ ಹಾರಿಸೋಣವೆಂದೆ. ಅವತ್ತು ಅವಳು ಒಪ್ಪಲಿಲ್ಲ. ಒಪ್ಪಿದ್ದು ಕೆಲವು ವಾರಗಳ ಮೇಲೆ, ಅದೂ ತನ್ನ ಕರಾರುಗಳ ಮೇಲೆ. ಕಂಪ್ರೆಸರ್ ಬೇಡ, ಸೈಕಲ್ ಪಂಪೇ ಬೇಕು. ಪಂಪಿನ ಪೈಪು ಅಂಗಡಿಯಿಂದ ರಸ್ತೆಯವರೆಗೆ ಮುಟ್ಟುವಷ್ಟು ಉದ್ದವಿರಬೇಕು. ಬಾಟಲಿ ಹೊಸದಿರಬೇಕು. ನಡುವೆ ಗೋಡೆ ಇರಬೇಕು. ಶಾಲೆಯ ಬಯಲಿನಲ್ಲಿ ಗೋಡೆ ಎಲ್ಲಿಂದ ತರುವುದು? ಕೊಟ್ರೇಶಿ ಲಾರಿ ಟೈರುಗಳನ್ನು ಟಂಟಂ ಆಟೊದಲ್ಲಿ ತಂದು ಎದೆಯೆತ್ತರಕ್ಕೆ ಒಟ್ಟಿದ. ಗೌಡರು ಬಂದು ಅದನ್ನು ಒಮ್ಮೆ ಸುತ್ತಿ, ಗುದ್ದಿ ನೋಡಿ, “ಇದರ ಹಿಂದ ಯುದ್ಧ ಮಾಡಬಹುದಲ್ರಿ” ಎಂದರು. ಒಂದು ಮಾತೂ ಹೆಚ್ಚಿಗೆ ಆಡದೆ ಅವರೂ ಹಿಂದೆ ನಿಂತರು.

ಬಿರಡೆಯನ್ನು ಒತ್ತಿದವಳು ಹುಲಿಗೆಮ್ಮನೇ. ಸುತ್ತ ನೀರು ಜಿನುಗುವುದನ್ನು ನೋಡಿ ಕೊಟ್ರೇಶಿ, “ಸೋರಾಕತ್ತೈತಲ್ಲವ್ವ” ಎಂದು ಸಂಕಟಪಟ್ಟ. “ಸೋರ್ಲಿ ಬಿಡಪ್ಪ” ಎಂದು ಅವಳು ಟೈರುಗಳ ಹಿಂದಕ್ಕೆ ಓಡಿಬಂದಳು. ನಾನು ಅವಳ ಪಕ್ಕದಲ್ಲಿ ನಿಂತೆ. ಈರಮ್ಮ ಮಗಳ ಜಡೆಯನ್ನು ಹಗ್ಗ ಹಿಡಿದಂತೆ ಮುಂಗೈಗೆ ಸುತ್ತಿ ಹಿಡಿದಿದ್ದಳು. ಟೈರಿನ ಮೇಲೆ ತಲೆ ಸ್ವಲ್ಪ ಎದ್ದರೂ ಜಡೆ ಜಗ್ಗುತ್ತಿತ್ತು.

“ಎವ್ವಾ, ನೋಯ್ತೈತಿ!”

“ನೋಯ್ಲಿ.”

ಹುಲಿಗೆಮ್ಮ ಪಂಪು ಒತ್ತಿದಳು. ಮತ್ತೆ ಒತ್ತಿದಳು. ಪುಸ್ ಎಂದು ಸದ್ದಾಯಿತು, ಮಕ್ಕಳು ಹೋ ಎಂದರು, ಎಲ್ಲರ ಮುಖಗಳೂ ಒಮ್ಮೆಲೇ ಮೇಲಕ್ಕೆ ತಿರುಗಿದವು. ಬಾಟಲಿ ಬೇವಿನ ಮರ ದಾಟಿತು ಎಂದರು. ಬಿಸಿಲಿನಲ್ಲಿ ನೀರು ಕಾಮನಬಿಲ್ಲಿನಂತೆ ಬಿತ್ತು ಎಂದರು. ಗಾಳಿಗೆ ಹಾರಿಬಂದ ಹನಿಗಳು ಬಿದ್ದು ಹುಲಿಗೆಮ್ಮನ ಮುಖ ಒದ್ದೆಯಾಯಿತು. ಕಿವಿಯ ಮೇಲಿನ ಗಾಯದ ಗೆರೆಯೂ ಒದ್ದೆಯಾಯಿತು. ಅವಳು ರೆಪ್ಪೆ ಬಡಿದಳು, ಒಮ್ಮೆ, ಮತ್ತೊಮ್ಮೆ. ಕಣ್ಣು ಅರಳಿಸಿ ಮೇಲೆ, ಇನ್ನೂ ಮೇಲೆ ನೋಡಿದಳು. ಜಡೆ ಸಡಿಲವಾಗಿ ಬೆನ್ನ ಮೇಲೆ ಬಿದ್ದಿತ್ತು. ಈರಮ್ಮ ಬರಿಗೈಯನ್ನು ಹಣೆಗೆ ಅಡ್ಡ ಹಿಡಿದು ತಾನೂ ಆಕಾಶ ನೋಡುತ್ತಿದ್ದಳು.

“ನೋಡಿದ್ರೇನ್ರಿ ಟೀಚರ್?” ಎಂದು ಹುಲಿಗೆಮ್ಮ ನನ್ನ ಕೈ ಜಗ್ಗಿದಳು. “ಎಷ್ಟು ಮ್ಯಾಲ ಹೋತು, ನೋಡಿದ್ರೇನ್ರಿ?”

“ನೋಡಿದೆ” ಎಂದೆ. ನಾನು ಒಮ್ಮೆಯೂ ತಲೆ ಎತ್ತಿರಲಿಲ್ಲ.